ಹಾಯಿದೋಣಿ ರೇಸಿನ ಪ್ರಚಾರದ ಕೆಲಸ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೂಡಿಗೆರೆ ಕಡೆಯವಳು. ಹನ್ನೊಂದು ವರ್ಷದಿಂದ ಹಾಯಿದೋಣಿ ರೇಸುಗಳ ಪ್ರಚಾರ ಮತ್ತು ಮಾಧ್ಯಮದ ಕೆಲಸ ಮಾಡುತ್ತಿದ್ದೇನೆ. ವರ್ಷದಲ್ಲಿ ಐದಾರು ತಿಂಗಳು ಯಾವುದಾದರೂ ಬಂದರಿನಲ್ಲಿ ಇರುತ್ತೇನೆ, ಉಳಿದ ದಿನ ಚಿಕ್ಕಮಗಳೂರಿನಲ್ಲಿ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕಾಲೇಜಿಗೆ ಮಾತಾಡಲು ಹೋದಾಗ, ಪತ್ರದಲ್ಲಿ, ಫೋನಿನಲ್ಲಿ ಜನ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡಿದ್ದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿಗೆ

ನಮ್ಮೂರಲ್ಲಿ ಸಮುದ್ರಾನೇ ಇಲ್ಲ. ನಿಂಗೆ ಹಾಯಿದೋಣಿ ಹತ್ರ ಏನು ಕೆಲಸ ಮಗಳೇ?

ದೋಣಿ ಓಡಿಸುವವಳು ನಾನಲ್ಲ. ರೇಸ್ ನಡೆಯುತ್ತಿದೆ ಅಂತ ಊರಿಗೆ ಗೊತ್ತಾಗಬೇಕು. ಪತ್ರಿಕೆಯವರಿಗೆ ಹೊತ್ತಿಗೆ ಸರಿಯಾಗಿ ಸುದ್ದಿ, ಫೋಟೊ ಸಿಗಬೇಕು. ದುಡ್ಡು ಹಾಕಿದ ಕಂಪನಿಗಳಿಗೆ ಹಾಕಿದ್ದು ದಂಡ ಆಗಲಿಲ್ಲ ಅನ್ನಿಸಬೇಕು. ನೀರಿನ ಮೇಲೆ ಏನಾಗುತ್ತಿದೆ ಅಂತ ದಡದಲ್ಲಿ ನಿಂತವರಿಗೆ ತಿಳಿಯಬೇಕು. ಈ ನಾಲ್ಕೂ ನಮ್ಮ ತಂಡದ ಪಾಲಿಗೆ ಬರುತ್ತವೆ. ಕೊನೆಯದೇ ಎಲ್ಲಕ್ಕಿಂತ ಕಷ್ಟ. ಕ್ರಿಕೆಟ್‌ನಲ್ಲಿ ಮೈದಾನ ಕಣ್ಣೆದುರಿಗೇ ಇರುತ್ತದೆ. ಇಲ್ಲಿ ದೋಣಿಗಳು ಎಷ್ಟೋ ಸಲ ದಡದಿಂದ ಮೂರು ನಾಲ್ಕು ಕಿಲೋಮೀಟರ್ ಆಚೆ ಬಿಳಿ ಚುಕ್ಕೆಗಳ ಹಾಗೆ ಕಾಣುತ್ತವೆ. ಯಾರು ಮುಂದೆ, ಯಾರು ಹಿಂದೆ ಅಂತ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ.

ಊರಲ್ಲಿ ಸಮುದ್ರ ಇಲ್ಲದ್ದು ಒಂದು ಅಡ್ಡಿಯೇ ಅಲ್ಲ. ಸ್ವಿಟ್ಜರ್ಲೆಂಡಿಗೆ ಒಂದು ಗೇಣು ಕಡಲೂ ಇಲ್ಲ. ಆದರೂ ಅಲ್ಲಿನ ಅಲಿಂಗಿ ತಂಡ 2003ರಲ್ಲಿ, ಮತ್ತೆ 2007ರಲ್ಲಿ ಅಮೆರಿಕಾಸ್ ಕಪ್ ಅನ್ನುವ ಹಾಯಿದೋಣಿಯ ದೊಡ್ಡ ಪಂದ್ಯ ಗೆದ್ದಿತು. ನಮ್ಮ ದೇಶದ ನೇಹಾ ಠಾಕೂರ್ ಮಧ್ಯಪ್ರದೇಶದ ಹುಡುಗಿ. ಭೋಪಾಲಿನ ಕೆರೆಯಲ್ಲಿ ಕಲಿತು 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದಳು. ಇನ್ನು ನನ್ನ ಮಟ್ಟಿಗೆ ಸಮುದ್ರ ನೋಡದೆ ಬೆಳೆದದ್ದು ಅನುಕೂಲವೇ ಆಯಿತು. ಏನೂ ಗೊತ್ತಿಲ್ಲದವರಿಗೆ ಎಲ್ಲಿ ಗೊಂದಲ ಆಗುತ್ತದೆ ಅಂತ ನನಗೆ ಚೆನ್ನಾಗಿ ನೆನಪಿದೆ.

ಇದೂ ಕೇರಳದ ದೋಣಿ ಸ್ಪರ್ಧೆ ಥರಾನಾ?

ಅಲ್ಲ. ಅದು ಹುಟ್ಟು ಹಾಕಿ ಓಡಿಸುವ ದೋಣಿ, ಇದು ಗಾಳಿಯಲ್ಲೇ ಓಡುವ ದೋಣಿ. ಇದರಲ್ಲೂ ಮೂರು ಬಗೆ ಇದೆ ಅಂತ ತಿಳಿದುಕೊಂಡರೆ ಸಾಕು. ಒಂದು, ದಡದ ಹತ್ತಿರ ಬೋಯೆಗಳನ್ನು, ಅಂದರೆ ನೀರಲ್ಲಿ ತೇಲುವ ಗುರುತುಗಳನ್ನು, ಸುತ್ತಿ ಬರುವ ರೇಸ್. ಒಲಿಂಪಿಕ್ಸ್‌ನಲ್ಲಿ ನಡೆಯುವುದು ಇದು. ಎರಡು, 2019ರಲ್ಲಿ ಶುರುವಾದ ಸೇಲ್‌ಜಿಪಿಯಂಥ ಸರಣಿ. ಅದರಲ್ಲಿ ದೋಣಿಗಳು ನೀರಿನೊಳಗಿನ ರೆಕ್ಕೆಗಳ ಮೇಲೆ ಎದ್ದು ನಿಂತು ಗಂಟೆಗೆ 90 ಕಿಲೋಮೀಟರ್ ದಾಟಿ ಹಾರುತ್ತವೆ. ಮೂರು, ಸಾಗರ ದಾಟುವ ದೊಡ್ಡ ರೇಸುಗಳು. ವಾಂದೇ ಗ್ಲೋಬ್ ಅನ್ನುವುದರಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, ಯಾರ ಸಹಾಯವೂ ಇಲ್ಲದೆ ಭೂಮಿ ಸುತ್ತಬೇಕು. ಕಳೆದ ಸಲ ಗೆದ್ದ ಶಾರ್ಲಿ ದಾಲಾಂ 2025ರ ಜನವರಿಯಲ್ಲಿ ದಡ ಸೇರಿದಾಗ 64 ದಿನ ಕಳೆದಿತ್ತು.

ಇವು ಮೂರಕ್ಕೂ ಪ್ರಚಾರದ ಕೆಲಸ ಬೇರೆ ಬೇರೆ. ಮೊದಲನೆಯದರಲ್ಲಿ ದಿನಕ್ಕೊಂದು ಸುದ್ದಿ. ಎರಡನೆಯದು ಒಂದೂವರೆ ಗಂಟೆಯ ಟಿವಿ ಕಾರ್ಯಕ್ರಮ ಇದ್ದ ಹಾಗೆ. ಮೂರನೆಯದರಲ್ಲಿ ತಿಂಗಳುಗಟ್ಟಲೆ ಧಾರಾವಾಹಿಯ ಹಾಗೆ ಕಥೆ ಹೇಳುತ್ತಾ ಹೋಗಬೇಕು.

ಗಾಳಿ ಎದುರಿಗೆ ಬಂದ್ರೆ ದೋಣಿ ಹಿಂದಕ್ಕೆ ಹೋಗಲ್ವಾ?

ಚಾರ್ಮಾಡಿ ಘಾಟಿಯನ್ನು ನೆನಪು ಮಾಡಿಕೊಳ್ಳಿ. ಬಸ್ಸು ಬೆಟ್ಟವನ್ನು ನೇರವಾಗಿ ಹತ್ತುವುದಿಲ್ಲ. ಈ ಕಡೆಗೊಂದು ತಿರುವು, ಆ ಕಡೆಗೊಂದು ತಿರುವು, ಹಾಗೇ ಮೇಲೆ ಬರುತ್ತದೆ. ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಕಡೆ ಹೋಗಿ, ಮಗ್ಗುಲು ಬದಲಿಸಿ, ಇನ್ನೊಂದು ಕಡೆ ಹೋಗಿ ಹತ್ತಬೇಕು. ಎಲ್ಲಿ ತಿರುಗಬೇಕು ಅನ್ನುವುದರಲ್ಲೇ ರೇಸಿನ ಅರ್ಧ ಬುದ್ಧಿವಂತಿಕೆ ಇದೆ. ಎರಡು ದೋಣಿಗಳು ಬೇರೆ ಬೇರೆ ದಿಕ್ಕಿಗೆ ಹೋಗುತ್ತಿದ್ದರೆ ಯಾರೂ ದಾರಿ ತಪ್ಪಿಲ್ಲ ಅಂತ ತಿಳಿಯಿರಿ. ಇಬ್ಬರೂ ಒಂದೇ ಬೆಟ್ಟ ಹತ್ತುತ್ತಿದ್ದಾರೆ.

ಅಕ್ಕಾ, ನಂಗೆ ಈಜು ಬರಲ್ಲ, ದೋಣಿ ಓಡಿಸೋಕೂ ಬರಲ್ಲ. ಈ ಕೆಲಸ ಸಿಗುತ್ತಾ?

ಸಿಗುತ್ತದೆ. ಆದರೆ ಈಜು ಕಲಿ. ಯಾರೂ ಪರೀಕ್ಷೆ ಇಡುವುದಿಲ್ಲ, ಲೈಫ್ ಜಾಕೆಟ್ ಎಲ್ಲರೂ ಹಾಕಲೇಬೇಕು. ಆದರೂ ಮಾಧ್ಯಮದ ದೋಣಿಯಲ್ಲಿ ಆರು ಗಂಟೆ ಕೂತಾಗ ನೀರಿನ ಭಯ ಇದ್ದರೆ ತಲೆ ಓಡುವುದಿಲ್ಲ. ನಾನು ಕಲಿತದ್ದು ಇಪ್ಪತ್ತಾರನೇ ವಯಸ್ಸಿನಲ್ಲಿ.

ಅದಕ್ಕಿಂತ ಮುಖ್ಯ, ಎರಡು ಭಾಷೆಯಲ್ಲಿ ತಪ್ಪಿಲ್ಲದೆ, ಬೇಗ ಬರೆಯಲು ಬರಬೇಕು. ಗೊತ್ತಿಲ್ಲದ್ದನ್ನು ಕೇಳಲು ನಾಚಿಕೆ ಇರಬಾರದು. ಹೆಸರಿನ ಒಂದು ಅಕ್ಷರ ತಪ್ಪಾದರೂ ಮನಸ್ಸಿಗೆ ಕಸಿವಿಸಿ ಆಗಬೇಕು. ಪತ್ರಿಕೋದ್ಯಮ ಓದಿದರೆ ಒಳ್ಳೆಯದು. ನಾನು ಓದಿದ್ದು ಬಿಕಾಂ.

ಶುರು ಮಾಡಲು ವಿದೇಶಕ್ಕೆ ಹೋಗಬೇಕಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಪ್ರತಿ ವರ್ಷ ಮಳೆಗಾಲದಲ್ಲಿ ರಾಷ್ಟ್ರಮಟ್ಟದ ರೇಸ್ ನಡೆಯುತ್ತದೆ. ಚೆನ್ನೈ, ಮುಂಬೈ, ಗೋವಾದಲ್ಲೂ ಆಗುತ್ತವೆ. ಎಲ್ಲ ಕಡೆಯೂ ಸ್ವಯಂಸೇವಕರು ಬೇಕೇ ಬೇಕು. ಒಂದು ವಾರ ಹೋಗಿ ಫಲಿತಾಂಶ ಟೈಪ್ ಮಾಡು, ನೀರಿನ ಬಾಟಲಿ ಹೊರು, ಬಾವುಟಗಳ ಅರ್ಥ ಕಲಿ. ಆ ಒಂದು ವಾರ ಬಯೋಡೇಟಾದ ಎರಡು ಪುಟಕ್ಕೆ ಸಮ.

## ಕೆಲಸದ ಒಳಗೆ

ಮಾರ್ಕೆಟಿಂಗ್ ಬೇರೆ, ಕಮ್ಯುನಿಕೇಷನ್ ಬೇರೆನಾ?

ಮಾರ್ಕೆಟಿಂಗ್‌ನವರು ರೇಸಿಗೆ ಮೊದಲು ಜಾಸ್ತಿ ಓಡಾಡುತ್ತಾರೆ: ಪ್ರಾಯೋಜಕರು, ಜಾಹೀರಾತು, ಟಿಕೆಟ್, ಬಂದರಿನ ಮಳಿಗೆಗಳು, ಅತಿಥಿಗಳ ದೋಣಿ. ಕಮ್ಯುನಿಕೇಷನ್‌ನವರಿಗೆ ರೇಸ್ ಶುರುವಾದ ಮೇಲೆ ನಿದ್ದೆ ಇಲ್ಲ: ಸುದ್ದಿ, ಫೋಟೊ, ಪತ್ರಕರ್ತರು, ಅಪಘಾತ. ಸಣ್ಣ ರೇಸುಗಳಲ್ಲಿ ಎರಡೂ ಒಬ್ಬರೇ.

ರೇಸ್ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಏನೇನಿರುತ್ತೆ?

ಎದ್ದ ಕೂಡಲೇ ಗಾಳಿಯ ಮುನ್ಸೂಚನೆ ನೋಡುತ್ತೇನೆ. ನಮ್ಮಪ್ಪ ಬೆಳಿಗ್ಗೆ ಎದ್ದು ಮಳೆ ಅಳೆಯುವ ಪಾತ್ರೆ ನೋಡುತ್ತಾರಲ್ಲ, ಹಾಗೆ. ಏಳೂವರೆಗೆ ರೇಸ್ ನಿರ್ದೇಶಕರ ಜೊತೆ ಹತ್ತು ನಿಮಿಷದ ಮಾತು: ಇವತ್ತು ಎಷ್ಟು ರೇಸ್, ಎಷ್ಟು ಹೊತ್ತಿಗೆ, ಯಾವ ಭಾಗದಲ್ಲಿ. ಎಂಟೂವರೆಗೆ ಪತ್ರಕರ್ತರಿಗೆ ಐದು ಸಾಲಿನ ಟಿಪ್ಪಣಿ. ಅದರಲ್ಲಿ ವಿಶೇಷಣ ಬೇಡ, ಹೊತ್ತು ಮತ್ತು ಜಾಗ ಸಾಕು.

ಆಮೇಲೆ ಮಾಧ್ಯಮದ ದೋಣಿ. ಯಾರು ಹತ್ತಿದರು ಅಂತ ಪಟ್ಟಿ, ಲೈಫ್ ಜಾಕೆಟ್ ಎಣಿಕೆ. ಇಳಿಯುವಾಗ ಮತ್ತೆ ಅದೇ ಪಟ್ಟಿ ನೋಡಿ ತಲೆ ಎಣಿಸಬೇಕು. ದೋಣಿ ನಡೆಸುವವರಿಗೆ ರೇಸಿನ ಅನುಭವ ಇರಲೇಬೇಕು. ನಮ್ಮ ಮೋಟಾರ್ ಎಬ್ಬಿಸುವ ಅಲೆ ಒಬ್ಬ ಸ್ಪರ್ಧಿಯ ವೇಗ ಕಡಿಮೆ ಮಾಡಿದರೆ, ಒಂದು ಒಳ್ಳೆಯ ಫೋಟೊಗಾಗಿ ಅವರ ನಾಲ್ಕು ವರ್ಷದ ಶ್ರಮ ಹಾಳು ಮಾಡಿದ ಹಾಗೆ. ಹೊಟ್ಟೆ ತೊಳಸುವವರಿಗೆ ನಾನು ಹೇಳುವುದು ಎರಡೇ ಮಾತು. ಫೋನ್ ಜೇಬಿಗೆ ಹಾಕಿ, ಕಣ್ಣು ದಿಗಂತದ ಮೇಲೆ ಇಡಿ.

ಶುರುವಿಗೆ ಐದು ನಿಮಿಷ ಇದ್ದಾಗ ಮೊದಲ ಬಾವುಟ, ನಾಲ್ಕಕ್ಕೆ ಇನ್ನೊಂದು, ಒಂದಕ್ಕೆ ಅದು ಇಳಿಯುತ್ತದೆ, ಆಮೇಲೆ ಶುರು. ಆ ಐದು ನಿಮಿಷ ದಿನದ ಅತ್ಯಂತ ಚಂದದ ಹೊತ್ತು. ದೋಣಿಗಳು ನಿಂತಲ್ಲಿ ನಿಲ್ಲಲಾರವು. ಗೆರೆ ದಾಟದೆ, ಗೆರೆಯ ಹತ್ತಿರವೇ ಸುತ್ತುತ್ತಾ, ಸೊನ್ನೆ ಸೆಕೆಂಡಿಗೆ ಪೂರ್ತಿ ವೇಗದಲ್ಲಿ ಬರಬೇಕು. ಹೊಸ ಪತ್ರಕರ್ತರಿಗೆ ಇದನ್ನು ಒಂದು ಸಲ ಹತ್ತಿರದಿಂದ ತೋರಿಸಿಬಿಟ್ಟರೆ ಸಾಕು, ಮುಂದಿನ ವರ್ಷ ಅವರೇ ಫೋನ್ ಮಾಡುತ್ತಾರೆ.

ರೇಸ್ ಮುಗಿದು ಅರ್ಧ ಗಂಟೆಯೊಳಗೆ ಮೊದಲ ಐದು ಫೋಟೊ ಹೋಗಬೇಕು. ತಡವಾಗಿ ಹೋದ ಅದ್ಭುತ ಫೋಟೊಗಿಂತ ಹೊತ್ತಿಗೆ ಸರಿಯಾಗಿ ಹೋದ ಸಾಧಾರಣ ಫೋಟೊ ಮೇಲು. ಸ್ಪರ್ಧಿಗಳು ದಡಕ್ಕೆ ಬಂದ ಕೂಡಲೇ ಮೈಕ್ ಹಿಡಿಯಬೇಡಿ. ಮೊದಲು ನೀರು ಕುಡಿಯಲಿ. ಸಂಜೆ ದಿನದ ವರದಿ, ಪ್ರಾಯೋಜಕರಿಗೆ ಬೇಕಾದ ಚಿತ್ರಗಳು, ನಾಳೆಯ ಪಟ್ಟಿ. ಹತ್ತು ಗಂಟೆಗೆ ಮಲಗಿದರೆ ಅದೃಷ್ಟ.

ಗಾಳೀನೇ ಬೀಸಲಿಲ್ಲ ಅಂದ್ರೆ ಆವತ್ತು ಏನು ಬರೀತೀರಿ?

ಗಾಳಿ ಬೀಸಲಿಲ್ಲ ಅಂತಲೇ ಬರೆಯುತ್ತೇವೆ. ನನ್ನ ಇಡೀ ಕೆಲಸದಲ್ಲಿ ನಾನು ಅತಿ ಗಟ್ಟಿಯಾಗಿ ನಂಬಿದ ವಿಷಯ ಇದು, ಸ್ವಲ್ಪ ಉದ್ದ ಹೇಳುತ್ತೇನೆ.

ನನ್ನ ಎರಡನೇ ವರ್ಷದ ಮಾತು. ಬೆಳಿಗ್ಗೆಯಿಂದ ನೀರು ಕನ್ನಡಿಯ ಹಾಗೆ ಇತ್ತು. ಮೂರು ಗಂಟೆಗೆ ರೇಸ್ ರದ್ದಾಯಿತು. ಸಂಘಟಕರಲ್ಲಿ ಒಬ್ಬರು, 'ನಿನ್ನೆಯ ಫೋಟೊ ಹಾಕಿ, ಭರ್ಜರಿ ಪೈಪೋಟಿ ಅಂತ ಬರೆದು ಕಳಿಸಿ' ಅಂದರು. ನಾನು ಹೊಸಬಳು, ಕಳಿಸಿಬಿಟ್ಟೆ. ಫೋಟೊದಲ್ಲಿ ಆಕಾಶ ಪೂರ್ತಿ ಮೋಡ. ಆ ದಿನ ಸುಡುವ ಬಿಸಿಲು. ರಾತ್ರಿಯೇ ಒಬ್ಬ ಹಿರಿಯ ಪತ್ರಕರ್ತರು ಫೋನ್ ಮಾಡಿ, 'ಇನ್ನು ಮೇಲೆ ನಿಮ್ಮಿಂದ ಏನು ಬಂದರೂ ಬೇರೆಯವರನ್ನು ಕೇಳಿಯೇ ಹಾಕುತ್ತೇನಮ್ಮ' ಅಂದರು. ಅವರು ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಅವರ ನಂಬಿಕೆ ಮತ್ತೆ ಗಳಿಸಲು ನನಗೆ ನಾಲ್ಕು ವರ್ಷ ಹಿಡಿಯಿತು.

ಆವತ್ತು ಮನೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: 'ಹೂಮಳೆ ಬರದೆ ಬಂತು ಅಂದ್ರೆ ಗಿಡ ನಂಬುತ್ತಾ?' ಕಾಫಿ ತೋಟದಲ್ಲಿ ಹೂ ಅರಳಿಸುವ ಆ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಆದರೂ ಹಾಕಬಹುದು. ಗಾಳಿಗೆ ಸ್ಪ್ರಿಂಕ್ಲರ್ ಇಲ್ಲ.

ಗಾಳಿ ಇಲ್ಲದ ದಿನ ಬರೆಯಲು ಬೇಕಾದಷ್ಟಿದೆ. ಕೆಂಪು ಬಿಳಿ ಪಟ್ಟೆಯ ಎ.ಪಿ. ಬಾವುಟ ಮೇಲಿದ್ದರೆ 'ತಡೆಯಿರಿ' ಅಂತ. ಅದರ ಕೆಳಗೆ ಎ ಬಾವುಟವೂ ಏರಿದರೆ 'ಇವತ್ತಿಗೆ ಇಷ್ಟೇ' ಅಂತ. ಆ ತೀರ್ಮಾನವನ್ನು ಯಾರು, ಏನು ಅಳೆದು ತೆಗೆದುಕೊಳ್ಳುತ್ತಾರೆ? ಐದು ಗಂಟೆ ಬಿಸಿಲಲ್ಲಿ ಕಾಯುವ ಸ್ಪರ್ಧಿ ಏನು ತಿನ್ನುತ್ತಾನೆ, ಹಾಯಿಯ ನೆರಳಲ್ಲಿ ಹೇಗೆ ನಿದ್ದೆ ಮಾಡುತ್ತಾನೆ? ರದ್ದಾದ ರೇಸಿನಿಂದ ಯಾರಿಗೆ ಲಾಭ? ಓದುಗರು ಇಂಥದ್ದನ್ನು ರೇಸಿನ ವರದಿಗಿಂತ ಇಷ್ಟಪಟ್ಟು ಓದುತ್ತಾರೆ.

ಕಡಿಮೆ ಅಂಕ ತಗೊಂಡೋರು ಗೆದ್ರು ಅಂತ ಕಳಿಸಿದ್ದೀರಿ. ಮಿಸ್ಟೇಕ್ ಅಲ್ವಾ ಮೇಡಂ?

ಮಿಸ್ಟೇಕ್ ಅಲ್ಲ ಸಾರ್. ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹತ್ತನೆಯವರಿಗೆ 10. ಎಲ್ಲ ರೇಸ್ ಸೇರಿಸಿ ಕಡಿಮೆ ಇದ್ದವರು ಗೆಲ್ಲುತ್ತಾರೆ. ಸಾಮಾನ್ಯವಾಗಿ ಅತಿ ಕೆಟ್ಟ ಒಂದು ರೇಸನ್ನು ಲೆಕ್ಕದಿಂದ ಬಿಡುತ್ತಾರೆ. ಪ್ರತಿ ವರದಿಯ ಕೊನೆಗೆ ಈ ಎರಡು ಸಾಲನ್ನು ನಾನು ತಪ್ಪದೆ ಹಾಕುತ್ತೇನೆ.

ಇನ್ನೊಂದು ಮಾತು. ಸಂಜೆ ಬರುವ ಫಲಿತಾಂಶದ ಪಕ್ಕ 'ತಾತ್ಕಾಲಿಕ' ಅಂತ ಇದ್ದರೆ ಅದನ್ನು ಅಳಿಸಬೇಡಿ. ಒಬ್ಬ ಸ್ಪರ್ಧಿ ಇನ್ನೊಬ್ಬರ ಮೇಲೆ ದೂರು ಕೊಟ್ಟರೆ ತೀರ್ಪುಗಾರರು ವಿಚಾರಣೆ ಮಾಡುತ್ತಾರೆ. ರಾತ್ರಿ ಒಂಬತ್ತಕ್ಕೆ ಗೆದ್ದವರೇ ಬದಲಾಗಬಹುದು.

ಸಮುದ್ರದ ಮಧ್ಯದಿಂದ ವಿಡಿಯೊ ಹೇಗೆ ಬರುತ್ತೆ? ನಮ್ಮ ತೋಟದಲ್ಲೇ ರೇಂಜ್ ಸಿಗಲ್ಲ!

ಉಪಗ್ರಹದ ಮೂಲಕ. ದೋಣಿಯ ಮೇಲೆ ಗುಮ್ಮಟದಂಥ ಆಂಟೆನಾ ಇರುತ್ತದೆ. ಆದರೆ ಯಂತ್ರಕ್ಕಿಂತ ದೊಡ್ಡದು ಅದರ ಹಿಂದಿನ ಮನುಷ್ಯ. ಈಗ ದಿ ಓಷನ್ ರೇಸ್ ಅಂತ ಕರೆಯುವ ಭೂಪ್ರದಕ್ಷಿಣೆಯ ರೇಸಿನಲ್ಲಿ 2008–09ರಿಂದ ಪ್ರತಿ ದೋಣಿಯಲ್ಲೂ ಸುದ್ದಿಗೆಂದೇ ಒಬ್ಬರು ಇರುತ್ತಾರೆ. ಅವರು ದೋಣಿ ಓಡಿಸಲು ಕೈಹಾಕುವಂತಿಲ್ಲ. ಅಡುಗೆ ಮಾಡಬಹುದು, ಒಳಗಿನ ನೀರು ಬಳಿದು ಹಾಕಬಹುದು, ಮತ್ತೆ ಚಿತ್ರ ತೆಗೆಯಬೇಕು. ಸುತ್ತ ಇರುವವರೆಲ್ಲ ಒದ್ದಾಡುವಾಗ ಹಗ್ಗಕ್ಕೆ ಕೈ ಹಾಕದೆ ಕ್ಯಾಮೆರಾ ಹಿಡಿದು ನಿಲ್ಲುವುದು ಸುಲಭವಲ್ಲ. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಕೆಲಸ ಅದು. ಆ ವರ್ಷದ ರೇಸ್ 2008ರ ಡಿಸೆಂಬರ್‌ನಲ್ಲಿ ನಮ್ಮ ಕೊಚ್ಚಿಗೂ ಬಂದಿತ್ತು.

ದಡದ ಹತ್ತಿರದ ರೇಸಿಗೆ ಬೇರೆ ಉಪಾಯ ಇದೆ. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕಾಸ್ ಕಪ್‌ನಲ್ಲಿ ಹೆಲಿಕಾಪ್ಟರ್ ಚಿತ್ರದ ಮೇಲೆಯೇ ಗೆರೆ ಎಳೆದು ತೋರಿಸಿದರು: ಇಲ್ಲಿ ಶುರು, ಇಲ್ಲಿ ಗಡಿ, ಇವರು ಇಷ್ಟು ಮೀಟರ್ ಮುಂದೆ. ಆ ವರ್ಷ ಅಮೆರಿಕದ ಒರಾಕಲ್ ತಂಡ 1–8ರಲ್ಲಿ ಹಿಂದಿದ್ದು 9–8ಕ್ಕೆ ಗೆದ್ದಿತು. ಗೆರೆಗಳು ಇದ್ದದ್ದರಿಂದ ಆ ಬೆನ್ನಟ್ಟುವಿಕೆ ನೋಡುವವರಿಗೆಲ್ಲ ಅರ್ಥ ಆಯಿತು.

ಇದನ್ನೆಲ್ಲ ಕನ್ನಡದಲ್ಲಿ ಬರೆಯೋಕಾಗುತ್ತಾ?

ಯಾಕಾಗುವುದಿಲ್ಲ? ಹಾಯಿ, ಚುಕ್ಕಾಣಿ, ಲಂಗರು, ಅಳಿವೆ, ಬಂದರು ಎಲ್ಲ ನಮ್ಮಲ್ಲೇ ಇವೆ. ಕರಾವಳಿಯವರ ಬಾಯಲ್ಲಿ ಇನ್ನೂ ಎಷ್ಟೋ ಇವೆ. ಇಲ್ಲದ ಕಡೆ ಆಗುವುದನ್ನೇ ಹೇಳುತ್ತೇನೆ: 'ದೋಣಿ ಮಗ್ಗುಲು ಬದಲಿಸಿತು', 'ರೆಕ್ಕೆಯ ಮೇಲೆ ಎದ್ದಿತು'. ನಾಟ್ ಅನ್ನುವ ಅಳತೆಯನ್ನು ಮಾತ್ರ ಹಾಗೇ ಇಟ್ಟು, ಪಕ್ಕದಲ್ಲಿ ಕಿಲೋಮೀಟರ್ ಕೊಡುತ್ತೇನೆ. 1 ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ನಮ್ಮ ತೋಟದವರು ಇವತ್ತಿಗೂ ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲೇ ಹೇಳುತ್ತಾರಲ್ವಾ? ಕಸುಬಿನ ಅಳತೆಗೆ ಅದರದೇ ತೂಕ ಇರುತ್ತದೆ.

## ಒಳಹೊಕ್ಕವರಿಗೆ

ನಮ್ಮದು ಸಣ್ಣ ಕಾಫಿ ಪುಡಿ ಬ್ರ್ಯಾಂಡ್. ಇಂಥ ರೇಸಿಗೆ ದುಡ್ಡು ಹಾಕಿದ್ರೆ ನಮಗೇನು ಸಿಗುತ್ತೆ?

ಹಾಯಿಯ ಮೇಲೆ ಹೆಸರು ಬೇಕು ಅಂತ ಹೋಗಬೇಡಿ. ಅದು ದೊಡ್ಡ ದುಡ್ಡಿನ ಆಟ. ದೋಣಿಯ ಯಾವ ಭಾಗದಲ್ಲಿ ಸಂಘಟಕರ ಜಾಹೀರಾತು, ಯಾವ ಭಾಗದಲ್ಲಿ ತಂಡದ್ದು ಅನ್ನುವುದಕ್ಕೆ ಈ ಕ್ರೀಡೆಯ ಜಾಗತಿಕ ಸಂಸ್ಥೆಯಾದ ವರ್ಲ್ಡ್ ಸೇಲಿಂಗ್‌ನ ನಿಯಮಗಳೇ ಇವೆ. ನೀವು ವಸ್ತುವಿನ ರೂಪದಲ್ಲಿ ಕೊಡುವ ಒಪ್ಪಂದ ಕೇಳಿ. ಮಾಧ್ಯಮ ಕೇಂದ್ರದಲ್ಲಿ, ಸ್ಪರ್ಧಿಗಳ ಡೇರೆಯಲ್ಲಿ ಐದು ದಿನ ನಿಮ್ಮ ಫಿಲ್ಟರ್ ಕಾಫಿ. ಬೆಳಗಿನ ಆರು ಗಂಟೆಗೆ ಚಳಿಯಲ್ಲಿ ನಿಂತವರಿಗೆ ಒಳ್ಳೆಯ ಕಾಫಿ ಕೊಟ್ಟವರ ಹೆಸರು ಮರೆತುಹೋಗುವುದಿಲ್ಲ. ನಾನು ಹತ್ತಿರದಿಂದ ನೋಡಿದ್ದೇನೆ.

ದೊಡ್ಡ ಪ್ರಾಯೋಜಕರ ಲೆಕ್ಕ ಬೇರೆ. 1973ರಲ್ಲಿ ಶುರುವಾದ ವಿಟ್‌ಬ್ರೆಡ್ ರೇಸ್ ಒಂದು ಬಿಯರ್ ಕಂಪನಿಯ ಹೆಸರು ಹೊತ್ತಿತ್ತು. ಆಮೇಲೆ ವೋಲ್ವೊ ಬಂತು. ಈಗ ಅದೇ ದಿ ಓಷನ್ ರೇಸ್. ಹೆಸರು ಬದಲಾದಾಗಲೆಲ್ಲ ಪ್ರಚಾರದವರು ಜನರ ನೆನಪನ್ನೂ ಬದಲಿಸಬೇಕು, ಅದು ವರ್ಷಗಟ್ಟಲೆ ಹಿಡಿಯುತ್ತದೆ. ನನಗೆ ಇಷ್ಟವಾದ ಉದಾಹರಣೆ ವಾಂದೇ. ಅದು ಫ್ರಾನ್ಸಿನ ಒಂದು ಜಿಲ್ಲೆಯ ಹೆಸರು. ನಮ್ಮ ಜಿಲ್ಲಾ ಪಂಚಾಯಿತಿ ಒಂದು ಭೂಪ್ರದಕ್ಷಿಣೆಯ ರೇಸಿಗೆ ಚಿಕ್ಕಮಗಳೂರಿನ ಹೆಸರು ಇಟ್ಟ ಹಾಗೆ. ಹೊರಗಿನ ಜನ ಆ ಜಿಲ್ಲೆಯ ಹೆಸರು ಕೇಳಿರುವುದೇ ಆ ರೇಸಿನಿಂದ.

'ಹತ್ತು ಸಾವಿರ ಜನ ಸೇರಿದ್ರು ಅಂತ ಬರೀರಿ' ಅಂತ ಸಂಘಟಕರು ಹೇಳಿದ್ರೆ?

ಎಣಿಸಿದ್ದು ಯಾರು ಅಂತ ಕೇಳಿ. ಎಣಿಸಿದ್ದರೆ ಹಾಕಿ. ಇಲ್ಲದಿದ್ದರೆ ಕಂಡದ್ದನ್ನು ಬರೆಯಿರಿ: 'ಬಂದರಿನ ಗೋಡೆಯುದ್ದಕ್ಕೂ ಜನ ನಿಂತಿದ್ದರು.' ಪ್ರಾಯೋಜಕರಿಗೆ ಕೊಡುವ ವರದಿಯಲ್ಲೂ ಇದೇ ಕ್ರಮ. ಬಂದ ಸುದ್ದಿಯ ಕತ್ತರಿಕೆಗಳು, ನೋಡಿದವರ ಲೆಕ್ಕ, ಎಲ್ಲಿಂದ ತೆಗೆದದ್ದು ಅನ್ನುವುದು. ಉಬ್ಬಿಸಿದ ಸಂಖ್ಯೆ ಮುಂದಿನ ವರ್ಷ ನಿಮ್ಮ ಕುತ್ತಿಗೆಗೇ ಬರುತ್ತದೆ, ಆಗ ಅದಕ್ಕಿಂತ ಜಾಸ್ತಿ ತೋರಿಸಬೇಕಲ್ಲ.

ಅಪಘಾತ ಆದ್ರೆ ಮೊದಲ ಮಾತು ಏನು ಹೇಳಬೇಕು?

ಮೊದಲ ಮಾತು ಮಾಧ್ಯಮಕ್ಕೆ ಅಲ್ಲ, ಮನೆಯವರಿಗೆ. ಅವರಿಗೆ ತಲುಪುವವರೆಗೆ ಯಾರ ಹೆಸರೂ ಹೊರಗೆ ಹೋಗಬಾರದು. ಎರಡನೆಯದು, ಇಷ್ಟು ಹೊತ್ತಿಗೆ ತಾನಾಗಿ ಹೋಗಲಿ ಅಂತ ಮೊದಲೇ ನಿಗದಿ ಮಾಡಿಟ್ಟ ಎಲ್ಲ ಪೋಸ್ಟ್‌ಗಳನ್ನೂ ನಿಲ್ಲಿಸಿ. ಒಬ್ಬರು ನೀರಿನಲ್ಲಿ ಕಾಣೆಯಾಗಿರುವಾಗ ನಿಮ್ಮ ಪುಟದಲ್ಲಿ ತಂಪು ಪಾನೀಯದ ನಗುವ ಜಾಹೀರಾತು ತಾನಾಗಿ ಹೋದರೆ ಅದಕ್ಕೆ ಕ್ಷಮೆಯೇ ಇಲ್ಲ. ಮೂರನೆಯದು, ಮೂರು ಸಾಲಿನ ಹೇಳಿಕೆ: ಏನಾಗಿದೆ ಅಂತ ಖಚಿತವಾಗಿ ಗೊತ್ತಿರುವುದು, ಯಾರು ನೆರವಿಗೆ ಹೊರಟಿದ್ದಾರೆ, ಮುಂದಿನ ಮಾಹಿತಿ ಎಷ್ಟು ಗಂಟೆಗೆ. ಹೇಳಿದ ಗಂಟೆಗೆ ಹೊಸದೇನೂ ಇಲ್ಲದಿದ್ದರೂ 'ಹೊಸದಿಲ್ಲ' ಅಂತ ಹೇಳಲೇಬೇಕು. ಕಾರಣ ಊಹಿಸಬೇಡಿ, ಯಾರನ್ನೂ ದೂರಬೇಡಿ.

2018ರ ಸೆಪ್ಟೆಂಬರ್‌ನಲ್ಲಿ, ಒಬ್ಬರೇ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ ಬಿರುಗಾಳಿಗೆ ಸಿಕ್ಕರು. ಹಾಯಿಕಂಬ ಮುರಿದು, ಬೆನ್ನಿಗೆ ಪೆಟ್ಟಾಗಿ, ದೋಣಿಯೊಳಗೆ ಅಲ್ಲಾಡದೆ ಮಲಗಬೇಕಾಯಿತು. ಹೊರಗೆ ಬರುತ್ತಿದ್ದದ್ದು ಉಪಗ್ರಹದ ಮೂಲಕ ಅವರು ಕಳಿಸಿದ ತುಂಡು ತುಂಡು ಸಂದೇಶಗಳಷ್ಟೇ. ಮೂರನೇ ದಿನ ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ಕಾಪಾಡಿತು. ಆ ಮೂರು ದಿನ ಇಡೀ ದೇಶ ಒಂದೊಂದು ಸಾಲಿಗೂ ಕಾಯುತ್ತಿತ್ತು. ನಮ್ಮ ಹೇಳಿಕೆಯ ಒಂದೊಂದು ಪದದ ಆಚೆ ಒಬ್ಬ ತಾಯಿ ಕೂತಿರುತ್ತಾಳೆ ಅಂತ ನಾನು ಆವತ್ತು ಕಲಿತೆ. ಅವರು ಅದೇ ರೇಸಿಗೆ 2022ರಲ್ಲಿ ಮತ್ತೆ ಹೋದರು, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ಮುಗಿಸಿದರು.

ದುಡ್ಡು ಸರಿಯಾಗಿ ಬರುತ್ತಾ?

ಹೆಚ್ಚಿನದು ತಿಂಗಳ ಸಂಬಳವಲ್ಲ, ಒಂದೊಂದು ರೇಸಿಗೆ ಒಂದೊಂದು ಒಪ್ಪಂದ. ಒಮ್ಮೆ ನನಗೆ ಕೆಲಸ ಮುಗಿದು ಎಂಟು ತಿಂಗಳಾದ ಮೇಲೆ ಹಣ ಬಂತು. ಆಮೇಲಿಂದ ಮೂರನೇ ಒಂದು ಪಾಲು ಮುಂಗಡ, ಇನ್ನೊಂದು ರೇಸ್ ಶುರುವಿಗೆ, ಉಳಿದದ್ದು ಮುಗಿದ 30 ದಿನದೊಳಗೆ ಅಂತ ಬರೆಸಿಕೊಳ್ಳುತ್ತೇನೆ. ಪ್ರಯಾಣ, ಊಟ, ವಾಸ, ನೀರಿನ ಮೇಲಿನ ಕೆಲಸಕ್ಕೂ ಅನ್ವಯಿಸುವ ವಿಮೆ, ಇವನ್ನು ಬಾಯಿಮಾತಿಗೆ ಬಿಡಬೇಡಿ. ಚಿತ್ರಗಳ ಹಕ್ಕು ಯಾರದು ಅನ್ನುವುದೂ ಕಾಗದದಲ್ಲಿ ಇರಲಿ.

ಹೇಮಾವತಿ ಹಿನ್ನೀರಲ್ಲೋ ಭದ್ರಾದಲ್ಲೋ ನಾವೇ ಒಂದು ರೇಸ್ ಮಾಡಬಹುದಲ್ವಾ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಖುಷಿ. ಆದರೆ ಭದ್ರಾ ಬೇಡ. ಲಕ್ಕವಳ್ಳಿಯ ಹಿನ್ನೀರು ಹುಲಿ ಅಭಯಾರಣ್ಯಕ್ಕೆ ಅಂಟಿಕೊಂಡಿದೆ. ಬೇಸಿಗೆಗೆ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಮೊಟ್ಟೆ ಇಡಲು ಬರುತ್ತವೆ. ಅವುಗಳ ಮಧ್ಯೆ ಮೈಕು, ಮೋಟಾರ್ ದೋಣಿ, ಡ್ರೋನ್ ತರುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಗೊರೂರಿನ ಹೇಮಾವತಿ ಬಗ್ಗೆ ಯೋಚಿಸಬಹುದು. ನೀರು ವಿಶಾಲವಾಗಿದೆ, ಅರ್ಧ ಮುಳುಗುವ ಶೆಟ್ಟಿಹಳ್ಳಿ ಚರ್ಚು ಇದೆ, ಫೋಟೊಗೆ ಅದಕ್ಕಿಂತ ಒಳ್ಳೆಯ ಹಿನ್ನೆಲೆ ಬೇಕಾ? ಆದರೆ ನೀರಿನ ಮಟ್ಟ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಮುಳುಗಿದ ಮರದ ಬೊಡ್ಡೆ, ಹಳೆಯ ಗೋಡೆ ಎಲ್ಲಿವೆ ಅಂತ ಮೀನು ಹಿಡಿಯುವವರ ಜೊತೆ ಕೂತು ನಕ್ಷೆ ಮಾಡಬೇಕು. ನೀರಾವರಿ ಇಲಾಖೆಯ ಅನುಮತಿ ಬೇಕು. ಒಂದು ಇಡೀ ವರ್ಷ ದಿನಾ ಮಧ್ಯಾಹ್ನ ಗಾಳಿ ಅಳೆದು ಬರೆದಿಡಬೇಕು.

ಶುರುವಿಗೆ ಮಕ್ಕಳ ಆಪ್ಟಿಮಿಸ್ಟ್ ದೋಣಿಗಳು ಸಾಕು. ಉದ್ದ 2.3 ಮೀಟರ್, ಒಂದೇ ಹಾಯಿ, ಒಬ್ಬ ಮಗು. ಜಗತ್ತಿನ ದೊಡ್ಡ ದೊಡ್ಡ ಸ್ಪರ್ಧಿಗಳಲ್ಲಿ ಎಷ್ಟೋ ಜನ ಕಲಿತದ್ದು ಅದರಲ್ಲೇ. ಅಂಥ ಎಂಟು ದೋಣಿ, ಒಬ್ಬ ಅರ್ಹ ತರಬೇತುದಾರ, ಎರಡು ರಕ್ಷಣಾ ದೋಣಿ ಇಷ್ಟನ್ನು ಹಾಸನದ ಯಾರಾದರೂ ಹೊಂದಿಸಿದರೆ ಪ್ರೆಸ್ ನೋಟ್ ನಾನು ಬರೆದುಕೊಡುತ್ತೇನೆ, ಕನ್ನಡದಲ್ಲಿ. ಗಾಳಿ ಬರದಿದ್ದರೆ ಅದನ್ನೂ ಬರೆಯುತ್ತೇನೆ.